ಸಣ್ಣ ವಸ್ತುಗಳು

ಕರಾರಿನ ಕೊನೆಯ ಹಾಳೆಗಳಲ್ಲಿ ನನ್ನ ಮೈಯೆಲ್ಲ ಇದೆ.
ಕಣ್ಣಿಗಿಷ್ಟು, ಕಿವಿಗಿಷ್ಟು, ಹಲ್ಲಿಗಿಷ್ಟು,
ಮೊಣಕಾಲ ಕೆಳಗೆ ಕಡಿದರೊಂದು ದರ, ಮೇಲೆ ಕಡಿದರೊಂದು.
ಹನ್ನೊಂದು ಹಡಗು ಹತ್ತಿದೆ, ಹನ್ನೊಂದು ಸಲ ರುಜು ಹಾಕಿದೆ,
ಒಮ್ಮೆಯೂ ಓದಲಿಲ್ಲ.
ಮನಿಲಾದ ಆ ಆಫೀಸಿನಲ್ಲಿ ಬೆನ್ನ ಹಿಂದೆ ಸಾಲು ಕಾದಿರುತ್ತದೆ.
ಓದುತ್ತ ಕೂತವನನ್ನು ಯಾರು ಹಡಗು ಹತ್ತಿಸುತ್ತಾರೆ?

ಈಗ ಬಾಯಿಪಾಠ.
ನನ್ನದು ಹತ್ತನೆಯ ದರ್ಜೆ:
ಒಂದು ಕೈಯ ಬೆರಳ ಮಡಿಕೆಯಲ್ಲಿ
ಸಣ್ಣ ವಸ್ತುಗಳನ್ನು ಹಿಡಿಯುವ ಶಕ್ತಿಯ ನಷ್ಟ.
ಯಾರು ಬರೆದರೋ. ಗುಮಾಸ್ತನೇ ಇರಬೇಕು.
ಆದರೂ ಒಂದು ರಾತ್ರಿ ನಿದ್ದೆಗೆಟ್ಟು
ತನ್ನ ಕೈಯನ್ನು ತಾನೇ ನೋಡಿಕೊಂಡವನು.

ಆಂಟ್‌ವರ್ಪ್, ಫೆಬ್ರವರಿ, ಬೆಳಗಿನ ನಾಲ್ಕು.
ಹಗ್ಗದ ಮೇಲೆ ಹಿಮ ಕಟ್ಟಿತ್ತು.
ಕೈಗವಸು ವಿಂಚಿನ ಡ್ರಮ್ಮಿನ ಜೊತೆ ಸುತ್ತಿತು,
ಒಳಗೆ ಕೈ ಇದ್ದುದರಿಂದ ಕೈಯೂ ಸುತ್ತಿತು.
ಬೋಸನ್ ಸಿರಿಯಾಕೊ ಲಿವರ್ ಎಳೆದ.
ಮೂರು ಸೆಕೆಂಡು ಅನ್ನುತ್ತಾನೆ ಅವನು,
ಒಂದು ಅನ್ನುತ್ತದೆ ಕಂಪನಿಯ ವರದಿ.
ಕೈಯನ್ನು ಯಾರೂ ಕೇಳಲಿಲ್ಲ.

ಆಮೇಲೆ ನೂರಿಪ್ಪತ್ತು ದಿನ.
ಅಷ್ಟರೊಳಗೆ ಕಂಪನಿಯ ಡಾಕ್ಟರು ಹೇಳಬೇಕು,
ನಾನು ಇನ್ನೂ ನಾವಿಕನೋ, ಅಲ್ಲವೋ.
ಅಕ್ಕಿ ಅಂಗಡಿಯ ಕ್ಯಾಲೆಂಡರಿನಲ್ಲಿ
ಲುಜ್ಮಿಂಡಾ ಒಂದೊಂದೇ ದಿನ ಹೊಡೆದು ಹಾಕಿದಳು,
ಬಸುರಿಯಾಗಿದ್ದಾಗ ಎಣಿಸಿದ ಹಾಗೆ.

ನೂರಾ ಹದಿನೆಂಟನೆಯ ದಿನ
ಡಾಕ್ಟರು ಕಬ್ಬಿಣದ ಹಿಡಿಯೊಂದನ್ನು ಕೊಟ್ಟು, ಅಮುಕು ಅಂದರು.
ಅಮುಕಿದೆ. ಮುಳ್ಳು ಓಡಿತು.
ನೋಡಿ, ಶಕ್ತಿ ಇದೆ, ಅಂದರು, ಸಂತೋಷದಿಂದಲೇ.
ಇದೆ, ಡಾಕ್ಟರೇ. ದೊಡ್ಡದು ನನ್ನ ಕೈಗೆ ಸಿಗುತ್ತದೆ.
ಏಣಿ ಸಿಗುತ್ತದೆ, ಸರಪಳಿ ಸಿಗುತ್ತದೆ.
ಮಗಳ ಇಡೀ ಕೈ ಸಿಗುತ್ತದೆ, ಅವಳ ಓಲೆಯ ತಿರುಪು ಸಿಗುವುದಿಲ್ಲ.
ಬಂಗುಸ್ ಮೀನಿನ ಮುಳ್ಳನ್ನು ಅವಳೇ ನನಗೆ ಬಿಡಿಸಿಕೊಡುತ್ತಾಳೆ, ಏಳು ವರ್ಷದವಳು.
ಅನ್ನ ಕೈಗೆ ಬರುತ್ತದೆ,
ಅಗುಳು ಬರುವುದಿಲ್ಲ.

ಅವರು ಬರೆದರು: ಕೆಲಸಕ್ಕೆ ಯೋಗ್ಯ.

ಕಲಾವ್ ರಸ್ತೆಯ ಫುಟ್‌ಪಾತಿನಲ್ಲಿ
ಕೆಲಸವಿಲ್ಲದ ನಾವಿಕರಿಗೆ ಬೀಸಣಿಗೆ ಹಂಚುತ್ತಾರೆ,
ಮೇಲೆ ವಕೀಲರ ಫೋನ್ ನಂಬರು.
ಗಾಳಿ ಹಾಕಿಕೊಳ್ಳುತ್ತ ಹೋದೆ.
ವಕೀಲ ಮಗ್‌ಬಾನುವಾ ನನ್ನ ಕೈಯನ್ನು ತಿರುವಿ ನೋಡಿ
ನಿಟ್ಟುಸಿರಿಟ್ಟ. ಪೂರ್ತಿ ಹೋಗಿದ್ದರೆ
ಕೇಸು ಗಟ್ಟಿ ಇರುತ್ತಿತ್ತು, ಅಂದ.
ಆಮೇಲೆ ತನ್ನ ಮಾತು ತನಗೇ ಕೇಳಿಸಿ
ಕಾಫಿ ತರಿಸಿದ.
ಅವರ ಡಾಕ್ಟರು ಸೊನ್ನೆ ಅಂದಿದ್ದಾರೆ,
ನಮ್ಮ ಡಾಕ್ಟರು ಹತ್ತು ಅನ್ನುತ್ತಾರೆ,
ಮೂರನೆಯವರನ್ನು ಎರಡೂ ಕಡೆಯವರು ಒಪ್ಪಬೇಕು,
ಸಂಬಂಧ ಕುದುರಿಸಿದ ಹಾಗೆ.

ಕಂಪನಿ ಅಷ್ಟಕ್ಕೆ ಕಾಯಲಿಲ್ಲ. ಅರ್ಧ ಕೊಡುತ್ತೇವೆ,
ಇನ್ನೆಂದೂ ಏನನ್ನೂ ಕೇಳೆನೆಂದು ಬರೆದುಕೊಡು, ಅಂದಿತು.
ಮೇಜಿನ ಮೇಲೆ ಚೆಕ್ಕು, ಕಾಗದ, ಪೆನ್ನು.
ಪೆನ್ನು ಎಷ್ಟು ಸಣ್ಣದು ಅಂತ ಆವತ್ತು ಗೊತ್ತಾಯಿತು.
ಎಡಗೈಯಲ್ಲಿ ಹಾಕಿದೆ.
ಪಾಸ್‌ಪೋರ್ಟಿನ ಜೊತೆ ತಾಳೆಯಾಗುತ್ತಿಲ್ಲ ಸರ್, ಅಂದಳು ಹುಡುಗಿ.
ಬಲಗೈಯಲ್ಲೇ ಹಾಕಿ.
ಬಲಗೈಯಲ್ಲಿ ಹಾಕಲು ಬಂದಿದ್ದರೆ, ತಂಗೀ,
ನಾನಿಲ್ಲಿ ಕೂತಿರುತ್ತಿರಲಿಲ್ಲ.
ಅವಳು ಒಳಗೆ ಹೋಗಿ ಬಂದು
ನೀಲಿ ಮಸಿಯ ಡಬ್ಬಿ ಮುಂದಿಟ್ಟಳು.
ನಕ್ಷತ್ರ ನೋಡಿ ದಾರಿ ಹೇಳುವ ಲೆಕ್ಕ ಕಲಿತವನು ನಾನು.
ಹೆಬ್ಬೆಟ್ಟೇ?
ನಾಳೆ ಬರುತ್ತೇನೆ, ಅಂದೆ.

ಜೀಪ್ನಿಯಲ್ಲಿ ಮೂಲೆಯ ಸೀಟು.
ಡ್ರೈವರನ ತನಕ ಚಿಲ್ಲರೆ ಕೈಯಿಂದ ಕೈಗೆ ಹೋಗಬೇಕು.
ಹಿಂದಿನವರು ಕೊಟ್ಟ ನಾಣ್ಯ
ನನ್ನ ಬೆರಳ ಮಡಿಕೆಗೆ ಬಂದು
ನಿಲ್ಲದೆ ಬಿತ್ತು.
ಎದುರಿನ ಶಾಲೆಯ ಹುಡುಗಿ
ಫೋನಿನಿಂದ ಕಣ್ಣು ತೆಗೆಯದೆ ಬಗ್ಗಿ ಎತ್ತಿಕೊಂಡು
ಬಯಾದ್ ಪೊ, ಅಂತ ಮುಂದೆ ದಾಟಿಸಿದಳು.
ಯಾರೂ ನನ್ನ ಕೈ ನೋಡಲಿಲ್ಲ.
ನಾಣ್ಯ ತಲುಪಿತು.
ಚಿಲ್ಲರೆ ಅದೇ ದಾರಿಯಲ್ಲಿ ವಾಪಸು ಹೊರಟಿತು,
ನಾನು ಈ ಸಲ ಅಂಗೈಯನ್ನು
ಬೋಗುಣಿಯ ಹಾಗೆ ಒಡ್ಡಿ ಕೂತೆ.